ನಕಲು ಪೆಟ್ಟಿಗೆಯಲ್ಲಿದ್ದ ಕೈ

ಕಂತು ಒಂಬತ್ತು

"ಎಡಗೈ ಅಂದ್ರೆ ಎಡಗೈ. ಇದರಲ್ಲಿ ಪತ್ತೆ ಮಾಡೋಕೆ ಏನಿದೆ?"

ಪ್ರಿನ್ಸಿಪಾಲರ ದನಿ ಫೋನಿನಿಂದ ಹೊರಗೆ ಚೆಲ್ಲುತ್ತಿತ್ತು. ಕಾರ್ಡಮ್ಮ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಳು. ಅಷ್ಟು ದೂರಕ್ಕೂ ಒಂದಕ್ಷರ ತಪ್ಪದೆ ಕೇಳಿಸಿತು.

"ಆ ದರ್ಜಿಯ ಅಪ್ಪನಿಗೆ ಸುಟ್ಟ ಕಲೆ ಇದ್ದದ್ದು ಬಲಗೈ ಮೇಲೆ. ನಮ್ಮ ಚಿತ್ರದಲ್ಲಿರೋದು ಎಡಗೈ. ಅಲ್ಲಿಗೆ ಕತೆ ಮುಗೀತು. ನಾಲ್ಕು ಗಂಟೆಗೆ ಕಾಗದ ನನ್ನ ಮೇಜಿನ ಮೇಲಿರಬೇಕು."

"ಕಾಗದದಲ್ಲಿ ಏನಂತ ಬರೀಲಿ ಸರ್?"

"ಈ ಕೈ ಆಕೆಯ ತಂದೆಯದಲ್ಲ ಅಂತ ಬರೀರಿ. ಕೆಳಗೆ ಸಹಿ ಹಾಕಿ."

"ಯಾರ ಸಹಿ?"

"ನಿಮ್ಮದೇ. ಮತ್ತೆ ನನ್ನದಾ? ನಾಳೆ ಹನ್ನೊಂದು ಕಾಲೇಜುಗಳ ಲೈಬ್ರರಿಯವರು ನಮ್ಮ ಚಿತ್ರಗಳನ್ನ ಅವರ ಕಂಪ್ಯೂಟರಿಗೆ ಸೇರಿಸಿಕೊಳ್ಳೋಕೆ ಬರ್ತಾರೆ. ಅಷ್ಟರೊಳಗೆ ಈ ರಗಳೆ ಮುಗಿಸಿ."

ಫೋನು ಇಟ್ಟಾಯಿತು. ಕಾರ್ಡಮ್ಮ ಗೋಡೆಯ ಗಡಿಯಾರ ನೋಡಿದಳು. ಎರಡೂವರೆ ಆಗಿತ್ತು.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ವೈದ್ಯಕೀಯ ಕಾಲೇಜಿನ ಲೈಬ್ರರಿಯಲ್ಲಿ ಇಪ್ಪತ್ತಾರು ವರ್ಷ ಪುಸ್ತಕಗಳಿಗೆ ಕಾರ್ಡು ಬರೆದು ಬರೆದು ಕಾರ್ಡಮ್ಮ ಆಗಿದ್ದಳು. ಈಗ ಕಾರ್ಡು ಹೋಗಿ ಕಂಪ್ಯೂಟರ್ ಬಂದರೂ ಹೆಸರು ಬಿಟ್ಟಿರಲಿಲ್ಲ. ಎರಡು ವರ್ಷದಿಂದ ಲೈಬ್ರರಿಯವರು ಕಾಲೇಜಿನ ಮ್ಯೂಸಿಯಮ್ಮಿನ ಮೂಳೆ, ಜಾಡಿ, ಹಳೆಯ ಫೋಟೋ ಸ್ಲೈಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದರು. ಯಾವ ಊರಿನ ವಿದ್ಯಾರ್ಥಿಯಾದರೂ ಫೋನಿನಲ್ಲೇ ಮನುಷ್ಯನ ದೇಹವನ್ನು ನರನರವಾಗಿ ನೋಡಿ ಕಲಿಯಬಹುದಿತ್ತು. ಕೊಯ್ಯುವುದು ಡಾಕ್ಟರ ಕೆಲಸ. ಕೊಯ್ದದ್ದು ಏನು, ಎಲ್ಲಿಂದ ಬಂತು, ಯಾರ ಒಪ್ಪಿಗೆಯಿಂದ ಬಂತು ಎಂದು ಬರೆದಿಡುವುದು ಲೈಬ್ರರಿಯ ಕೆಲಸ. ಬೈಸಿಕೊಳ್ಳುವುದೂ ಲೈಬ್ರರಿಯ ಕೆಲಸವೇ ಎಂದು ಯಾರೂ ಮೊದಲೇ ಹೇಳಿರಲಿಲ್ಲ.

ಒಂಬತ್ತು ದಿನದ ಹಿಂದೆ ಒಬ್ಬ ದರ್ಜಿ ಹೆಂಗಸು ಬಂದು ಇನ್ನೂರಾರನೇ ಚಿತ್ರ ತೋರಿಸಿ, ಇದು ಇಪ್ಪತ್ತೆರಡು ವರ್ಷದ ಹಿಂದೆ ಮನೆಬಿಟ್ಟು ಹೋದ ನನ್ನ ಅಪ್ಪನ ಕೈ ಎಂದಿದ್ದಳು. ದೇಹದಾನದ ಪುಸ್ತಕದಲ್ಲಿ ಆ ಕೈಗೆ ಹೆಸರಿರಲಿಲ್ಲ, ನಂಬರಿರಲಿಲ್ಲ, ಒಪ್ಪಿಗೆ ಪತ್ರವಂತೂ ಮೊದಲೇ ಇರಲಿಲ್ಲ.

ಆ ದರ್ಜಿ ಈಗ ಎದುರಿನ ಕುರ್ಚಿಯಲ್ಲೇ ಕೂತಿದ್ದಳು. ಬೆಳಗ್ಗೆ ಹತ್ತಕ್ಕೆ ಬಂದವಳು. ಸುಮ್ಮನೆ ಕೂರುವ ಜಾಯಮಾನದವಳಲ್ಲ. ಮಡಿಲಲ್ಲಿ ಯಾರದೋ ನರ್ಸ್ ಅಂಗಿ ಹರವಿಕೊಂಡು ತೋಳಿನ ಹೊಲಿಗೆ ಬಿಚ್ಚುತ್ತಿದ್ದಳು. ಮೊದಲು ಆ ಚಿತ್ರವನ್ನು ಅವಳಿಗೆ ತೋರಿಸಿದವಳೂ ಒಬ್ಬ ನರ್ಸ್ ವಿದ್ಯಾರ್ಥಿನಿ. ಅಂಗಿಯ ಅಳತೆ ಕೊಡುವಾಗ ಪರೀಕ್ಷೆಗೆ ಓದಿಕೊಳ್ಳುತ್ತ ನಿಂತಿದ್ದಳಂತೆ.

"ಏನಂತೆ ಅಕ್ಕ?"

"ನೀನೂ ಕೇಳಿಸಿಕೊಂಡೆಯಲ್ಲ. ಬೀದಿಯವರಿಗೂ ಕೇಳಿಸಿರುತ್ತೆ."

"ನನಗೆ ಎಡ ಬಲ ಗೊತ್ತಿಲ್ವಾ? ದಿನಾ ಎಷ್ಟು ತೋಳು ಹೊಲೀತೀನಿ. ಎಡದ ತೋಳು ಬಲಕ್ಕೆ ಹಚ್ಚಿದ್ರೆ ಗಿರಾಕಿ ನನ್ನನ್ನ ಬಿಡ್ತಾನಾ?"

"ನಿನಗೆ ಗೊತ್ತು ಕಣಮ್ಮ. ಚಿತ್ರಕ್ಕೆ ಗೊತ್ತಿಲ್ಲವಲ್ಲ."

ಕಾರ್ಡಮ್ಮ ಕಂಪ್ಯೂಟರಿನ ಪರದೆ ತಿರುಗಿಸಿದಳು. ಕಪ್ಪು ಬಟ್ಟೆಯ ಮೇಲೆ ಅಂಗೈ ಕೆಳಗಾಗಿ ಇಟ್ಟ ಒಂದು ಕೈ. ಬೂದಿ ಬಣ್ಣದ ಚರ್ಮ. ಒಳಗೆ ನರಗಳು ಹಾಯುವ ಜಾಗ ತೋರಿಸಲು ಚರ್ಮದ ಮೇಲೆ ಶಾಯಿಯಲ್ಲಿ ಎಳೆದ ನೀಲಿ ಗೆರೆಗಳು. ಕಿರುಬೆರಳು ಹೊರಕ್ಕೆ ಸೊಟ್ಟ. ಹೆಬ್ಬೆರಳಿನ ಬುಡದಲ್ಲಿ ಮೂರು ಮೂಲೆಯ ಸುಟ್ಟ ಕಲೆ. ಕೆಳಗೆ ಕಾರ್ಡಮ್ಮನೇ ತುಂಬಿಸಿದ ಸಾಲುಗಳು: ಎಡಗೈ, ಹೊರಮೈ. ಮೂಲ: ಶವ. ಫೋಟೋ ತೆಗೆದದ್ದು ಹತ್ತೊಂಬತ್ತು ವರ್ಷದ ಹಿಂದೆ.

ಎಷ್ಟು ಸಲ ನೋಡಿದರೂ ಅದು ಎಡಗೈಯೇ. ನೋಡಿ ನೋಡಿ ಕಾರ್ಡಮ್ಮನಿಗೆ ತಲೆ ಚಿಟ್ಟು ಹಿಡಿದಿತ್ತು.

"ಆ ಕಲೆ ನಾನೇ ಮಾಡಿದ್ದು," ಎಂದಳು ದರ್ಜಿ, ಹೊಲಿಗೆಯಿಂದ ಕಣ್ಣೆತ್ತದೆ. "ಒಂಬತ್ತು ವರ್ಷ ನನಗೆ. ಕಾದ ಇಸ್ತ್ರಿ ಪೆಟ್ಟಿಗೆ ಎತ್ತಿ ಕೊಡೋಕೆ ಹೋದೆ. ಅದರ ಮೂಲೆ ಅಪ್ಪನ ಕೈಗೆ ತಾಗ್ತು. ಅವನು ಬೈಲಿಲ್ಲ. ಕೈ ನೀರಲ್ಲಿ ಅದ್ದಿಕೊಂಡು ಇನ್ನೊಂದು ಕೈಲಿ ನನಗೆ ಗುಂಡಿ ಹಚ್ಚೋದು ಹೇಳಿಕೊಟ್ಟ. ಅಂಥದ್ದನ್ನ ಮರೀತೀನಾ?"

"ಮರೆತಿಲ್ಲ ಅಂತ ನನಗೆ ಗೊತ್ತು. ಅದನ್ನ ಕಾಗದದಲ್ಲಿ ಬರೆಯೋಕೆ ಬರಲ್ಲ."

"ಸೋಮವಾರ ಅಮ್ಮನ ಕಣ್ಣಿನ ಆಪರೇಷನ್ ಅಕ್ಕ."

"ಹೇಳಿದ್ದೀಯ."

"ಇನ್ನೊಂದು ಸಲ ಹೇಳ್ತೀನಿ. ಬೇರೆ ಊರಿಗೆ ಹೋಗಬೇಕು, ನಾಲ್ಕು ದಿನ ಇರಬೇಕು. ಅಮ್ಮ ಮನೆಗೆ ಬೀಗ ಹಾಕೋಕೆ ಬಿಡಲ್ಲ. ಅವರು ಬಂದು ಬೀಗ ನೋಡಿ ವಾಪಸ್ ಹೋದ್ರೆ ಅಂತಾಳೆ. ಇಪ್ಪತ್ತೆರಡು ವರ್ಷ ಆಯ್ತು, ಒಂದು ರಾತ್ರಿ ಹೊರಗೆ ಮಲಗಿಲ್ಲ. ಎರಡು ಸಲ ತಾರೀಖು ತಗೊಂಡೆ, ಎರಡು ಸಲಾನೂ ಬಸ್ಸಿಂದ ಇಳಿದು ವಾಪಸ್ ಬಂದಳು. ಒಂದು ಕಣ್ಣು ಹೋಗೇ ಹೋಯ್ತು. ಈ ಸಲ ತಪ್ಪಿದ್ರೆ ಇನ್ನೊಂದೂ ಹೋಗುತ್ತೆ ಅಂತ ಡಾಕ್ಟರು ಹೇಳಿದ್ದಾರೆ." ದಾರ ಪಟ್ಟನೆ ಕಿತ್ತಿತು. "ಸತ್ತಿದ್ದಾನೆ ಅಂತ ಒಂದು ಕಾಗದ ಕೊಡಿ. ತಗೊಂಡು ಹೋಗಿ ಓದಿ ಹೇಳ್ತೀನಿ. ಒಂದಿನ ಅಳ್ತಾಳೆ. ಆಮೇಲೆ ಬಸ್ ಹತ್ತುತ್ತಾಳೆ."

ಕಾರ್ಡಮ್ಮನ ಫೋನು ಮತ್ತೆ ಗುಂಯ್ಗುಟ್ಟಿತು. ಈ ಸಲ ಅತ್ತೆ.

"ಟೀವಿ ರಿಮೋಟ್ ಎಲ್ಲಿಟ್ಟೆ?"

"ನಾನು ಮುಟ್ಟಿಲ್ಲ ಅತ್ತೆ."

"ಲೈಬ್ರರಿಯಲ್ಲಿ ಲಕ್ಷ ಪುಸ್ತಕ ಎಲ್ಲೆಲ್ಲಿದೆ ಅಂತ ಹೇಳ್ತೀಯ. ಮನೆಯಲ್ಲಿರೋ ಒಂದು ರಿಮೋಟ್ ಎಲ್ಲಿದೆ ಅಂತ ಗೊತ್ತಿಲ್ಲ."

ಕಾರ್ಡಮ್ಮ ಹಲ್ಲು ಕಚ್ಚಿ ಫೋನನ್ನು ಡ್ರಾಯರಿನೊಳಗೆ ಹಾಕಿ ಮುಚ್ಚಿದಳು.

ತಲೆ ಎತ್ತಿದಾಗ ದರ್ಜಿ ಕತ್ತರಿಯಿಂದ ಅಂಗಿಯ ಅಂಚು ಕತ್ತರಿಸುತ್ತಿದ್ದಳು. ದೊಡ್ಡ ಕಬ್ಬಿಣದ ಕತ್ತರಿ. ಅದರ ಬಳೆಯೊಳಗೆ ಹೆಬ್ಬೆರಳು ಹೊಕ್ಕ ಕಡೆ, ಗೆಣ್ಣಿನ ಮೇಲೆ, ಹಳದಿಯ ಗಟ್ಟಿ ಜಡ್ಡು.

ಕಾರ್ಡಮ್ಮ ಪರದೆ ನೋಡಿದಳು. ದರ್ಜಿಯ ಬೆರಳು ನೋಡಿದಳು. ಚಿತ್ರವನ್ನು ದೊಡ್ಡದು ಮಾಡಿದಳು. ಹೆಬ್ಬೆರಳಿನ ಗೆಣ್ಣಿನ ಮೇಲೆ ಅದೇ ಜಾಗದಲ್ಲಿ ಅಂಥದೇ ಜಡ್ಡು.

"ನಿಮ್ಮಪ್ಪ ಎಡಚನಾ?"

"ಅಲ್ಲ. ಯಾಕೆ?"

"ಎಡಗೈಲಿ ಕತ್ತರಿ ಹಿಡಿಯೋ ಅಭ್ಯಾಸ ಏನಾದ್ರೂ?"

"ಹಿಡಿಯೋಕೇ ಆಗಲ್ಲ ಅಕ್ಕ. ಈ ಕತ್ತರಿ ಎಡಗೈಲಿ ಹಿಡಿದ್ರೆ ಮೇಲಿನ ಅಲಗು ಗೆರೇನ ಮುಚ್ಚಿಬಿಡುತ್ತೆ. ಬಟ್ಟೆ ಎಲ್ಲಿಗೆ ಹೋಯ್ತು ಅಂತಾನೇ ಕಾಣಲ್ಲ."

"ಹಾಗಾದ್ರೆ ಎಡಗೈಗೆ ಕತ್ತರಿಯ ಜಡ್ಡು ಎಲ್ಲಿಂದ ಬಂತು?"

ದರ್ಜಿಯ ಕತ್ತರಿ ನಿಂತಿತು.

ಕಾರ್ಡಮ್ಮ ಬೀರು ತೆರೆದು ಮೂಲ ಸ್ಲೈಡು ಹುಡುಕಿ ತೆಗೆದಳು. ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿ ಪ್ಲಾಸ್ಟಿಕ್ ಚೌಕಟ್ಟು, ನಡುವೆ ಫಿಲ್ಮಿನ ತುಣುಕು. ಅದರ ಹಳೆಯ ರಟ್ಟಿನ ಚೌಕಟ್ಟಿಗೆ ಬೂಷ್ಟು ಹಿಡಿದಿತ್ತು ಎಂದು ಮೂರು ತಿಂಗಳ ಹಿಂದೆ ಎಲ್ಲ ಸ್ಲೈಡುಗಳಿಗೂ ಹೊಸ ಚೌಕಟ್ಟು ಹಾಕಿಸಿದ್ದರು. ದಿನಕ್ಕೆ ಮುನ್ನೂರರಂತೆ. ಬೇಗ ಮುಗಿಸಿ ಎಂದವರು ಪ್ರಿನ್ಸಿಪಾಲರು. ಆಗಲಿ ಎಂದವಳು ಕಾರ್ಡಮ್ಮ.

ಬ್ಲೇಡಿನ ತುದಿ ತೂರಿಸಿ ಚೌಕಟ್ಟನ್ನು ಎರಡು ಹೋಳು ಮಾಡಿದಳು. ಬರಿಯ ಫಿಲ್ಮನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದಳು. ಫಿಲ್ಮಿಗೆ ಎರಡು ಮೈ. ಒಂದು ಹೊಳಪು, ಒಂದು ಮಂಕು. ಹೊಳಪು ಮೈ ನಮ್ಮ ಕಡೆಗಿದ್ದರೆ ಚಿತ್ರ ನೆಟ್ಟಗೆ. ಮಂಕು ಮೈ ನಮ್ಮ ಕಡೆಗಿದ್ದರೆ ಕನ್ನಡಿಯಲ್ಲಿ ನೋಡಿದ ಹಾಗೆ, ಎಡ ಬಲವಾಗಿ ಬಲ ಎಡವಾಗಿರುತ್ತದೆ.

ಚೌಕಟ್ಟಿನ ಮುಂಭಾಗದಲ್ಲಿ ಮಂಕು ಮೈ ಇತ್ತು.

ಅವಳು ಫಿಲ್ಮನ್ನು ಮಗುಚಿದಳು. ಚೌಕಟ್ಟಿನ ಕೆಳಗೆ ಮುಚ್ಚಿಹೋಗಿದ್ದ ಅಂಚಿನಲ್ಲಿ ಹದಿನೇಳು ಎಂಬ ಅಂಕಿ ನೆಟ್ಟಗೆ ಕಾಣಿಸಿತು. ಕೈಯ ಹೆಬ್ಬೆರಳು ಈ ಬದಿಯಿಂದ ಆ ಬದಿಗೆ ಹೋಯಿತು.

"ಬಲಗೈ," ಎಂದಳು ಕಾರ್ಡಮ್ಮ. "ನಾವೇ ಮಗುಚಿ ಹಾಕಿದ್ದೇವೆ. ಒಂಬತ್ತು ದಿನ ನಿನ್ನ ಹತ್ರ ವಾದ ಮಾಡಿದ್ದು ನಮ್ಮ ಬೇಜವಾಬ್ದಾರಿ ಇಟ್ಟುಕೊಂಡು."

ದರ್ಜಿ ಗೆದ್ದವಳಂತೆ ಕಾಣಲಿಲ್ಲ. ಕತ್ತರಿಯನ್ನು ಮೆಲ್ಲಗೆ ಚೀಲದೊಳಗೆ ಇಟ್ಟಳು. "ಹಾಗಾದ್ರೆ ಬರೆದುಕೊಡಿ."

"ಏನಂತ? ಕೈ ನಿಮ್ಮಪ್ಪಂದು ಅಂತ ಬರೆದರೆ ಮುಂದಿನ ಪ್ರಶ್ನೆ, ಅದು ಇಲ್ಲಿಗೆ ಹೇಗೆ ಬಂತು ಅಂತ. ಪುಸ್ತಕದಲ್ಲಿ ಹೆಸರಿಲ್ಲದ ದೇಹ ಒಳಗೆ ಬರಬೇಕಾದ್ರೆ ಯಾರೋ ಕದ್ದು ತಂದಿರಬೇಕು. ಅದು ಯಾರು ಅಂತ ಗೊತ್ತಾಗದೆ ನನ್ನ ಕಾಗದಕ್ಕೆ ಎರಡು ನಿಮಿಷಾನೂ ಆಯಸ್ಸಿಲ್ಲ. ಏಳು."

"ಎಲ್ಲಿಗೆ?"

"ಇದು ಒಂದು ಸುರುಳಿಯ ಹದಿನೇಳನೇ ಚಿತ್ರ. ಹದಿನಾರು, ಹದಿನೆಂಟು ಎಲ್ಲೋ ಇರಬೇಕಲ್ಲ."

ಲೈಬ್ರರಿಯ ನಿಯಮ ಒಂದಿತ್ತು, ಕಾರ್ಡಮ್ಮನೇ ಮಾಡಿದ್ದು. ಒಂದೇ ವಸ್ತುವಿನ ನಾಲ್ಕೈದು ಫೋಟೋ ಇದ್ದರೆ ಚೆನ್ನಾಗಿರುವುದನ್ನು ಒಂದು ಮಾತ್ರ ಇಟ್ಟುಕೊಳ್ಳುವುದು. ಮಿಕ್ಕದ್ದನ್ನು ನಕಲು ಎಂದು ಪೆಟ್ಟಿಗೆಗೆ ಹಾಕಿ ಮ್ಯೂಸಿಯಮ್ಮಿಗೆ ವಾಪಸ್ ಕಳಿಸುವುದು. ಆಗ ಅದು ಬಹಳ ಜಾಣತನದ ನಿಯಮ ಅನ್ನಿಸಿತ್ತು.

ಮ್ಯೂಸಿಯಂ ಎರಡನೇ ಮಹಡಿಯಲ್ಲಿತ್ತು. ಬಾಗಿಲು ದೂಡುವ ಮೊದಲೇ ದೇಹ ಕೆಡದಂತೆ ಕಾಯುವ ಫಾರ್ಮಲಿನ್ ವಾಸನೆ ಕಣ್ಣಿಗೆ ಚುಚ್ಚಿತು. ಕಪಾಟುಗಳ ಉದ್ದಕ್ಕೂ ಗಾಜಿನ ಜಾಡಿಗಳು. ಆ ಜಾಡಿಗಳ ಉಸ್ತುವಾರಿಯವನು ಜಾಡಿಯಣ್ಣ. ಮೂವತ್ತೊಂದು ವರ್ಷ ಅದೇ ಕೋಣೆಯಲ್ಲಿ ಕಳೆದವನು. ಬರುವ ತಿಂಗಳು ನಿವೃತ್ತಿ. ಕಿಟಕಿಯ ಬಳಿ ಮೇಜಿಗೆ ಕೂತು ಒಂದು ಜಾಡಿಯ ಮುಚ್ಚಳದ ಸುತ್ತ ಮೇಣ ಸವರುತ್ತಿದ್ದ.

"ಬಾ ಕಾರ್ಡಮ್ಮ. ಇವರು ಯಾರು?"

ಅವನು ಹಾಗೆ ಕೇಳಿದ್ದೇ ಕಾರ್ಡಮ್ಮನಿಗೆ ಸರಿಬರಲಿಲ್ಲ. ಒಂಬತ್ತು ದಿನದಿಂದ ಕಾಲೇಜಿನ ಕಾವಲುಗಾರನಿಗೂ ಗೊತ್ತಿದ್ದ ಮುಖ ಇದು.

"ಇನ್ನೂರಾರನೇ ಚಿತ್ರದ ಮಗಳು. ಆ ಕೈಗೆ ಕಾಗದ ಯಾಕಿಲ್ಲ ಅಣ್ಣ?"

"ಯಾವ ಕೈ? ಇಲ್ಲಿ ನಲವತ್ತು ಕೈ ಇದಾವೆ."

"ನಲವತ್ತಕ್ಕೂ ಕಾಗದ ಇದೆ. ನಾನೇ ಎಣಿಸಿದ್ದೀನಿ. ಇದಕ್ಕೆ ಮಾತ್ರ ಇಲ್ಲ."

"ಹಳೇದು. ಇಲಿ ತಿಂದಿರಬೇಕು."

"ನಿಮ್ಮ ಇಲಿಗೆ ಓದೋಕೆ ಬರುತ್ತಾ? ಬೇಕಾದ ಒಂದು ಹಾಳೆ ಆರಿಸಿ ತಿಂದಿದೆ."

ಜಾಡಿಯಣ್ಣ ನಗಲಿಲ್ಲ. ಮೇಣ ಸವರಿದ ಜಾಗಕ್ಕೇ ಮತ್ತೆ ಸವರಿದ.

"ನಕಲು ಪೆಟ್ಟಿಗೆ ಕೊಡಿ," ಎಂದಳು ಕಾರ್ಡಮ್ಮ.

"ಎಸೆದೆ."

"ಯಾವಾಗ?"

"ನೀವು ವಾಪಸ್ ಕಳಿಸಿದ ದಿನವೇ. ಬೇಡದ್ದನ್ನ ಇಟ್ಟುಕೊಂಡು ನಾನೇನು ಮಾಡಲಿ?"

"ಅಣ್ಣ, ಒಡೆದ ಜಾಡಿಯ ಮುಚ್ಚಳ ಕೂಡ ಎಸೆಯದೆ ಆ ಕಪಾಟಿನಲ್ಲಿ ಜೋಡಿಸಿಟ್ಟಿದ್ದೀರ. ಹತ್ತು ವರ್ಷದ ಹಿಂದಿನ ಕ್ಯಾಲೆಂಡರ್ ಇನ್ನೂ ಗೋಡೆ ಮೇಲಿದೆ. ನೀವು ಎಸೆಯೋರಾ?"

"ಈಗ ಎಸೆಯೋದು ಕಲಿತೆ. ಮೂರೂವರೆಗೆ ಬಾಗಿಲು ಹಾಕಬೇಕು. ಹೊರಡಿ."

ಅವನು ಹೊರಡಿ ಎಂದನೇ ಹೊರತು ಎದ್ದು ನಿಲ್ಲಲಿಲ್ಲ. ಯಾರಾದರೂ ಬಂದರೆ ತಕ್ಷಣ ಎದ್ದು ನಿಲ್ಲುವ ಮನುಷ್ಯ. ಕಾರ್ಡಮ್ಮ ಬಗ್ಗಿ ಮೇಜಿನ ಕೆಳಗೆ ನೋಡಿದಳು. ಜಾಡಿಯಣ್ಣನ ಎರಡೂ ಪಾದಗಳು ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಒತ್ತಿಕೊಂಡಿದ್ದವು. ಪೆಟ್ಟಿಗೆಯ ಮೇಲೆ ಅವಳದೇ ಅಕ್ಷರದಲ್ಲಿ ನಕಲು ಎಂದು ಬರೆದಿತ್ತು.

"ಕಾಲು ತೆಗೀರಿ."

"ಮಂಡಿ ನೋವು. ಡಾಕ್ಟರು ಎತ್ತರದಲ್ಲಿ ಇಟ್ಕೋ ಅಂದಿದ್ದಾರೆ."

"ಕಾಲು ತೆಗೀರಿ ಅಣ್ಣ. ನಾಲ್ಕಕ್ಕೆ ನಾನು ಒಂದು ಕಾಗದಕ್ಕೆ ಸಹಿ ಹಾಕಬೇಕು. ಅದರಲ್ಲಿ ಸುಳ್ಳಿದ್ರೆ ಈಕೆಯ ತಾಯಿಯ ಕಣ್ಣು ಹೋಗುತ್ತೆ. ನಿಮ್ಮ ಮಂಡಿ ಆಮೇಲೆ ನೋಡೋಣ."

"ಕಣ್ಣಾ?" ಜಾಡಿಯಣ್ಣ ಮೊದಲ ಬಾರಿ ದರ್ಜಿಯನ್ನು ನೇರವಾಗಿ ನೋಡಿದ. "ನಿಮ್ಮಮ್ಮನ ಕಣ್ಣಿಗೆ ಏನಾಗಿದೆ?"

"ಒಂದು ಹೋಗಿದೆ. ಇನ್ನೊಂದು ಹೋಗ್ತಿದೆ," ಎಂದಳು ದರ್ಜಿ. "ಅಪ್ಪ ಬರ್ತಾನೆ ಅಂತ ಕಾಯ್ತಾ ಆಪರೇಷನ್ನಿಗೆ ಬರ್ತಿಲ್ಲ."

ಜಾಡಿಯಣ್ಣನ ಕೈಯಲ್ಲಿದ್ದ ಮೇಣದ ಕಡ್ಡಿ ಮೇಜಿನ ಮೇಲೆ ಬಿತ್ತು. ಅವನು ಒಂದೊಂದಾಗಿ ಎರಡೂ ಕಾಲುಗಳನ್ನು ಇಳಿಸಿದ.

ಕಾರ್ಡಮ್ಮ ಪೆಟ್ಟಿಗೆ ಎಳೆದು ನೆಲದ ಮೇಲೇ ಕೂತಳು. ಸಾವಿರ ಸ್ಲೈಡುಗಳಾದರೂ ಇದ್ದವು, ಯಾವ ಕ್ರಮವೂ ಇಲ್ಲದೆ ಸುರಿದಿದ್ದರು. ನಕಲಿಗೆ ಯಾಕೆ ಕ್ರಮ ಎಂದು ಬಿಟ್ಟದ್ದೂ ಅವಳೇ. ತನ್ನನ್ನೇ ಶಪಿಸಿಕೊಳ್ಳುತ್ತ ಒಂದೊಂದನ್ನೇ ಬೆಳಕಿಗೆ ಹಿಡಿದಳು. ಶ್ವಾಸಕೋಶ. ಶ್ವಾಸಕೋಶ. ಮೊಣಕಾಲು. ಮತ್ತೆ ಅದೇ ಶ್ವಾಸಕೋಶ. ದರ್ಜಿಯೂ ಎದುರಿಗೆ ಕೂತು ಹುಡುಕತೊಡಗಿದಳು. ಅವಳ ಕೈ ಚುರುಕು.

"ಕಪ್ಪು ಬಟ್ಟೆ," ಎಂದಳು ದರ್ಜಿ ಇದ್ದಕ್ಕಿದ್ದಂತೆ, ಒಂದು ಸ್ಲೈಡನ್ನು ಕಣ್ಣಿಗೆ ಹತ್ತಿರ ಹಿಡಿದು. "ಇದು ಅಪ್ಪಂದೇ. ಕಿರುಬೆರಳು ನೋಡಿ."

ಕಾರ್ಡಮ್ಮ ಅದನ್ನು ಕಿತ್ತುಕೊಂಡಂತೆ ಇಸಿದುಕೊಂಡು ಕಿಟಕಿಗೆ ಹೋದಳು. ಅದೇ ಬಟ್ಟೆ. ಅದೇ ನೀಲಿ ಗೆರೆಗಳು. ಅದೇ ಮೂರು ಮೂಲೆಯ ಕಲೆ. ಆದರೆ ಈ ಚಿತ್ರದಲ್ಲಿ ಕೈ ಮುಷ್ಟಿ ಬಿಗಿದಿತ್ತು. ಬಿಗಿದ ರಭಸಕ್ಕೆ ಹೊರಗೈಯ ನರಗಳು ಹುರಿಯಂತೆ ಉಬ್ಬಿದ್ದವು.

ದರ್ಜಿ ಇನ್ನೊಂದು ಕೊಟ್ಟಳು. ಅದರಲ್ಲಿ ಬೆರಳುಗಳು ಅಗಲಕ್ಕೆ ಬಿರಿದಿದ್ದವು. ಮತ್ತೊಂದರಲ್ಲಿ ಹೆಬ್ಬೆರಳು ಮಾತ್ರ ಮೇಲಕ್ಕೆ.



ಕಾರ್ಡಮ್ಮ ಮೂರು ಸ್ಲೈಡುಗಳನ್ನೂ ಕಿಟಕಿಯ ಗಾಜಿಗೆ ಒತ್ತಿ ಸಾಲಾಗಿ ಹಿಡಿದಳು. ಹಳೆಯ ಫಿಲ್ಮು ವಯಸ್ಸಾಗಿ ಕೆಂಪಗೆ ತಿರುಗಿತ್ತು. ಆ ಕೆಂಪು ತೆಗೆಯಲು ಕಂಪ್ಯೂಟರಿನಲ್ಲಿ ಬಣ್ಣ ತಿದ್ದಿಸಿದವಳು ಅವಳೇ. ಆಗ ಚರ್ಮ ಬೂದಿ ಬಣ್ಣಕ್ಕೆ ಬಂದಿತ್ತು. ಬೂದಿ ಬಣ್ಣ ನೋಡಿದವರೆಲ್ಲ ಹೆಣದ ಕೈ ಎಂದುಕೊಂಡಿದ್ದರು.

ಹೆಣ ಮುಷ್ಟಿ ಬಿಗಿಯುವುದಿಲ್ಲ.

"ಅಣ್ಣ," ಎಂದಳು ಕಾರ್ಡಮ್ಮ ಹಿಂತಿರುಗಿ ನೋಡದೆ. "ಈ ಫೋಟೋ ತೆಗೆಯುವಾಗ ಇವನು ಬದುಕಿದ್ದ."



"ಹೂಂ," ಎಂದ ಜಾಡಿಯಣ್ಣ. "ಪಾಠಕ್ಕೆ ಬದುಕಿರೋರ ಕೈಯೂ ಬೇಕಲ್ಲ. ಯಾವ ನರ ಎಲ್ಲಿ ಉಬ್ಬುತ್ತೆ ಅಂತ ತೋರಿಸೋಕೆ. ಒಂದಿಬ್ಬರು ಬಂದು ಕೂರ್ತಿದ್ದರು. ಮುಖ ತೆಗೀಬಾರದು, ಹೆಸರು ಬರೀಬಾರದು, ಅದು ಮೊದಲಿನ ಮಾತು. ಹೆಣವೇ ಇಲ್ಲದ ಮೇಲೆ ದೇಹದಾನದ ಪುಸ್ತಕದಲ್ಲಿ ಏನು ಹುಡುಕ್ತಿದ್ದೆ ನೀನು?"

"ಒಂಬತ್ತು ದಿನ ಹುಡುಕಿದೆ. ನೀವು ನೋಡ್ತಾ ಕೂತಿದ್ರಿ."

"ನೀನು ಮೂಲ: ಶವ ಅಂತ ಬರೆದಿದ್ದೆ. ಓದಿದವನು ನಾನು. ಬರೆದವಳು ನೀನು."

ಕಾರ್ಡಮ್ಮನಿಗೆ ಆ ಮಾತು ಸರಿಯಾಗಿ ನಾಟಿತು. ಆ ಕೆಲಸ ಮಾಡಿದ ಮಧ್ಯಾಹ್ನ ಅವಳಿಗೆ ಚೆನ್ನಾಗಿ ನೆನಪಿತ್ತು. ಕಂಪ್ಯೂಟರಿನ ಪಟ್ಟಿಯಲ್ಲಿ ನಾನೂರ ಹನ್ನೆರಡು ಸಾಲು. ಮೊದಲ ಸಾಲಿನ ಮೂಲ ಎಂಬ ಮನೆಯಲ್ಲಿ ಶವ ಎಂದು ಬರೆದು, ಮೂಲೆ ಹಿಡಿದು ಕೊನೆಯವರೆಗೂ ಕೆಳಗೆ ಎಳೆದಿದ್ದಳು. ಒಂದು ಎಳೆತಕ್ಕೆ ನಾನೂರ ಹನ್ನೆರಡು ಮನೆಯೂ ತುಂಬಿತ್ತು. ಅಂಗರಚನೆಯ ಮ್ಯೂಸಿಯಮ್ಮಿನಲ್ಲಿ ಹೆಣವಲ್ಲದೆ ಬೇರೇನಿರುತ್ತದೆ ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಮೊಬೈಲಿನಲ್ಲಿ ಓದುವ ಸಾವಿರಾರು ಮಕ್ಕಳಿಗೆ ಬದುಕಿದ್ದ ಮನುಷ್ಯನನ್ನು ಹೆಣ ಎಂದು ತೋರಿಸಿದವಳು ಅವಳು.

ಅವಳು ನಿಧಾನಕ್ಕೆ ದರ್ಜಿಯ ಕಡೆ ತಿರುಗಿದಳು.

"ಕೇಳಿದೆಯಲ್ಲಮ್ಮ. ತಪ್ಪು ನನ್ನದು. ನಿಮ್ಮಪ್ಪ ಮನೆ ಬಿಟ್ಟು ಮೂರು ವರ್ಷ ಆದ ಮೇಲೆ ತೆಗೆದ ಫೋಟೋ ಇದು. ಆಗ ಬದುಕಿದ್ದ. ಇದೇ ಊರಲ್ಲಿದ್ದ. ಇದೇ ಕೋಣೆಯಲ್ಲಿ ಕೂತಿದ್ದ."

ದರ್ಜಿ ಇನ್ನೂ ನೆಲದ ಮೇಲೇ ಇದ್ದಳು. ಮಡಿಲ ತುಂಬ ಸ್ಲೈಡುಗಳು. ಅಳುತ್ತಾಳೆ ಎಂದುಕೊಂಡಿದ್ದ ಕಾರ್ಡಮ್ಮನಿಗೆ ಅವಳ ಮುಖದಲ್ಲಿ ಕಂಡದ್ದು ಸಿಟ್ಟು. ಎಷ್ಟೋ ವರ್ಷದಿಂದ ಇಸ್ತ್ರಿ ಹಾಕಿ ಮಡಚಿಟ್ಟಿದ್ದಂಥ ಸಿಟ್ಟು.

"ನಮ್ಮ ಮನೆ ಇಲ್ಲಿಗೆ ಎಷ್ಟು ದೂರ ಗೊತ್ತಾ?" ಅವಳು ಜಾಡಿಯಣ್ಣನನ್ನು ಕೇಳಿದಳು. "ನಡೆದ್ರೆ ಇಪ್ಪತ್ತು ನಿಮಿಷ. ಮೂರು ವರ್ಷ ಆದ ಮೇಲೂ ಇಪ್ಪತ್ತು ನಿಮಿಷ ದೂರದಲ್ಲಿ ಕೂತು ಮುಷ್ಟಿ ಬಿಗಿದು ಫೋಟೋ ತೆಗೆಸಿಕೊಳ್ತಿದ್ದನಾ?"

"ಯಾಕೆ ಬಿಟ್ಟು ಬಂದ ಅಂತ ನನ್ನನ್ನ ಕೇಳಬೇಡಮ್ಮ. ನನಗೆ ಹೇಳಿಲ್ಲ."

"ನಾನು ಕೇಳ್ತಾನೂ ಇಲ್ಲ."

ಅವಳು ಸ್ಲೈಡುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿದಳು. ಎದ್ದು ನಿಂತು ಸೀರೆ ಕೊಡವಿಕೊಂಡಳು. ಮಾತಾಡಿದಾಗ ಗಿರಾಕಿಗೆ ಅಳತೆ ಹೇಳುವ ದನಿ ಬಂದಿತ್ತು.

"ಅಕ್ಕ, ಚಿತ್ರದ ಕೆಳಗೆ ನೀವು ತಿದ್ದಬೇಕಾದ ಮಾತು ಎರಡು ಅಲ್ವಾ?"

"ಹೌದು."

"ಒಂದನ್ನ ಮಾತ್ರ ತಿದ್ದಿ. ಎಡ ಅನ್ನೋದನ್ನ ಬಲ ಮಾಡಿ. ಅದು ನಿಜ. ಇನ್ನೊಂದನ್ನ ಮುಟ್ಟಬೇಡಿ."

"ಶವ ಅಂತಾನೇ ಬಿಡಲಾ?"

"ಬಿಡಿ."

"ಅದು ಸುಳ್ಳು ಕಣಮ್ಮ."

"ನಾನು ಬರೆಸಿದ ಸುಳ್ಳಲ್ಲ. ನಾನು ಬರೋ ಮೊದಲೇ ನೀವೇ ಬರೆದು ಊರಿಗೆಲ್ಲ ತೋರಿಸಿದ್ದೀರ. ಇನ್ನು ನಾಲ್ಕು ದಿನ ಇರಲಿ. ಸೋಮವಾರ ಆಪರೇಷನ್ ಮುಗೀಲಿ, ಮಂಗಳವಾರ ತಿದ್ದಿ. ನಿಮಗೇನು ಕಷ್ಟ?"

ಕಾರ್ಡಮ್ಮ ಲೆಕ್ಕ ಹಾಕಿದಳು. ಪ್ರಿನ್ಸಿಪಾಲರಿಗೆ ಬೇಕಾದದ್ದು ಎಡಗೈ. ಈಕೆಗೆ ಬೇಕಾದದ್ದು ಸತ್ತವನ ಬಲಗೈ. ಇದ್ದದ್ದು ಬದುಕಿದ್ದವನ ಬಲಗೈ. ಅದು ಯಾರಿಗೂ ಬೇಡ. ಇಪ್ಪತ್ತಾರು ವರ್ಷದಲ್ಲಿ ತಿಳಿದೂ ತಿಳಿದೂ ಒಂದು ತಪ್ಪು ಕಾರ್ಡು ಬರೆದವಳಲ್ಲ ಅವಳು. ನಾಳೆ ಬೆಳಗ್ಗೆ ಅದೇ ಸಾಲು ಇನ್ನು ಹನ್ನೊಂದು ಲೈಬ್ರರಿಗೆ ಹೋಗುತ್ತದೆ. ಅಲ್ಲಿಂದ ಇನ್ನೆಲ್ಲಿಗೋ. ಮಂಗಳವಾರ ತಿದ್ದಿದರೂ ಹೋದದ್ದು ವಾಪಸ್ ಬರುವುದಿಲ್ಲ.

ಆದರೆ ಒಂದು ಕಣ್ಣು ಹೋದರೂ ವಾಪಸ್ ಬರುವುದಿಲ್ಲ.

"ನಾಲ್ಕಕ್ಕೆ ಹತ್ತು ನಿಮಿಷ ಇದೆ," ಎಂದಳು ದರ್ಜಿ. "ಬರೀತೀರೋ ಇಲ್ವೋ?"

"ಸ್ವಲ್ಪ ತಡಿ. ಉಸಿರಾಡೋಕೆ ಬಿಡು."

"ಅದಕ್ಕೆ ಅವನೂ ಒಪ್ಪಬೇಕಲ್ಲ," ಎಂದ ಜಾಡಿಯಣ್ಣ.

ಇಬ್ಬರೂ ತಿರುಗಿದರು. ಜಾಡಿಯಣ್ಣ ಮೇಜು ಹಿಡಿದು ಎದ್ದು ನಿಂತಿದ್ದ. ಮಂಡಿ ನೋವು ಸುಳ್ಳಲ್ಲ ಎಂದು ಈಗ ಕಾಣುತ್ತಿತ್ತು.

"ಯಾರು ಒಪ್ಪಬೇಕು?" ಕಾರ್ಡಮ್ಮ ಕೇಳಿದಳು.

"ನೀನು ಮೊದಲ ಸಲ ಬಂದು ಹೋದೆಯಲ್ಲಮ್ಮ," ಅವನು ದರ್ಜಿಗೆ ಹೇಳಿದ. "ಅವತ್ತು ಸಂಜೆ ನಾನೇ ಹೋಗಿ ಅವನಿಗೆ ಹೇಳಿದೆ. ನಿನ್ನ ಮಗಳು ನಿನ್ನ ಹೆಣ ಹುಡುಕ್ತಾ ಇದ್ದಾಳೆ ಅಂತ. ಮಾರನೇ ದಿನದಿಂದ ಬರ್ತಿದ್ದಾನೆ. ಕೆಳಗೆ ಪೇಪರ್ ಓದೋ ಕೋಣೆಗೆ ಯಾರು ಬೇಕಾದ್ರೂ ಬರಬಹುದಲ್ಲ. ಬೆಳಗ್ಗೆ ಬಂದು ಮೂಲೆಯಲ್ಲಿ ಕೂತ್ಕೋತಾನೆ. ಹೋಗಿ ಮಾತಾಡೋ ಮಾರಾಯ ಅಂದ್ರೆ ನಾಳೆ ಅಂತಾನೆ. ದಿನಾ ನಾಳೆ ಅಂತಾನೆ. ಇವತ್ತು ಊಟಕ್ಕೂ ಏಳಲಿಲ್ಲ. ಕರೆದೆ, ಕೈ ಆಡಿಸಿ ಕಳಿಸಿಬಿಟ್ಟ."

"ಈಗ ಇದ್ದಾನಾ?" ಕಾರ್ಡಮ್ಮ ಕೇಳಿದಳು.

"ನೀವು ಬರೋ ಮುಂಚೆ ಹೋಗಿ ನೋಡಿದ್ದೆ, ಇದ್ದ."

ಕಾರ್ಡಮ್ಮ ದರ್ಜಿಯ ಕಡೆ ನೋಡಿದಳು. ಸಿಟ್ಟಿನ ಮಾತೊಂದು ಬರುತ್ತದೆ ಎಂದು ಕಾದಳು. ದರ್ಜಿಯ ಮುಖದಲ್ಲಿ ಸಿಟ್ಟು ಇರಲಿಲ್ಲ. ರಕ್ತವೇ ಇರಲಿಲ್ಲ.

"ಸಂಜೇವರೆಗೆ ಪಕ್ಕದ ಮನೆಯವರನ್ನ ನಮ್ಮ ಬಾಗಿಲಲ್ಲಿ ಕೂರಿಸಿ, ಅಮ್ಮನ್ನ ಇವತ್ತು ಜೊತೆಗೆ ಕರ್ಕೊಂಡು ಬಂದೆ," ಎಂದಳು ಅವಳು. "ಕಾಗದ ಸಿಕ್ಕಿದ್ ತಕ್ಷಣ ಇಲ್ಲೇ ಓದಿ ಹೇಳೋಣ, ಮನೆಗೆ ಹೋದ್ರೆ ಮತ್ತೆ ಹಟ ಹಿಡೀತಾಳೆ ಅಂತ. ಮೆಟ್ಟಿಲು ಕಾಣಲ್ಲ ಅವಳಿಗೆ. ಕೆಳಗೆ ಪೇಪರ್ ಕೋಣೇಲಿ ಮೂಲೆ ಬೆಂಚಿನ ಮೇಲೆ ಕೂರಿಸಿ ಮೇಲೆ ಬಂದೆ."

"ಒಬ್ಬಳನ್ನೇನಾ?"

"ಪಕ್ಕದಲ್ಲಿ ಒಬ್ಬರು ಹಿರಿಯರು ಕೂತಿದ್ರು. ಅಮ್ಮನಿಗೆ ಕಣ್ಣು ಕಾಣಲ್ಲ, ಸ್ವಲ್ಪ ನೋಡ್ಕೊಳ್ಳಿ ಅಂತ ಅವರಿಗೆ ಹೇಳಿ ಬಂದೆ." ಅವಳು ಬಾಗಿಲ ಕಡೆ ತಿರುಗಿದಳು. "ಅವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಮುಖದ ಮುಂದಿನ ಪೇಪರ್ ಕೂಡ ಇಳಿಸಲಿಲ್ಲ. ತಲೆ ಆಡಿಸಿದ್ರು, ಅಷ್ಟೇ."